ಕ್ಲಸ್ಟರ್ ಸಮಾಲೋಚನಾ ಸಭೆ: ತೊಂಬತ್ತು ನಿಮಿಷ ಪಾಠಕ್ಕೆ ಸಿಕ್ಕರೆ ಐದಕ್ಕೆ ನಾಲ್ಕು ಅಂಕ

ಕೊಪ್ಪಳ ಜಿಲ್ಲೆಯ ಸರ್ಕಾರಿ ಶಾಲೆಗೆ ಹೊಸದಾಗಿ ಬಂದ ಜಿಪಿಟಿ (ಪದವೀಧರ ಪ್ರಾಥಮಿಕ) ಶಿಕ್ಷಕರು ಮೊದಲ ತಿಂಗಳಲ್ಲೇ ಕೇಳುವ ಮಾತು ಇದು: "ಸಮಾಲೋಚನಾ ಸಭೆಗೆ ಹೋಗಲೇಬೇಕೇನ್ರಿ ಸರ? ಹೋದ್ರ ಏನರ ಸಿಗತೈತೇನು?" ಮೊದಲನೆಯದಕ್ಕೆ ಉತ್ತರ ಸುಲಭ. ಹೋಗಲೇಬೇಕು, ಅಲ್ಲಿ ಹಾಜರಿ ಪುಸ್ತಕ ಇದೆ. ಎರಡನೆಯದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ಒಂದು ಕ್ಲಸ್ಟರಿನಲ್ಲಿ (ಅಕ್ಕಪಕ್ಕದ ಶಾಲೆಗಳ ಗುಂಪಿನಲ್ಲಿ) ಸೋಮವಾರದ ಪಾಠಕ್ಕೆ ಕೈತುಂಬ ಸರಕು ಸಿಗುತ್ತದೆ. ಅದೇ ತಾಲ್ಲೂಕಿನ ಪಕ್ಕದ ಕ್ಲಸ್ಟರಿನಲ್ಲಿ ಸಿಗುವುದು ಒಗ್ಗರಣಿ-ಮಿರ್ಚಿ ಮತ್ತು ಚಹಾ ಅಷ್ಟೇ. (ಮಿರ್ಚಿ ಚೆನ್ನಾಗಿರುತ್ತದೆ, ಅದರ ಅಂಕ ಬೇರೆ.) ಇದು ಇಲಾಖೆ ಶಿಕ್ಷಕರಿಗೆ ಕೊಡುವ ಒಂದು ಸೇವೆ. ಸೇವೆ ಅಂದ ಮೇಲೆ ಅದರಲ್ಲಿ ಏನಿದೆ, ಯಾವುದು ಕೆಲಸಕ್ಕೆ ಬರುತ್ತದೆ, ಯಾವುದು ಕೈ ಕೊಡುತ್ತದೆ ಎಂದು ತೂಗಿ ನೋಡುವುದರಲ್ಲಿ ತಪ್ಪಿಲ್ಲ.

ತಿಂಗಳಿಗೊಮ್ಮೆ, ಬಹಳ ಕಡೆ ಶನಿವಾರ, ಕ್ಲಸ್ಟರ್ ವ್ಯಾಪ್ತಿಯ ಶಾಲೆಗಳ ಶಿಕ್ಷಕರು ಸಿಆರ್‌ಸಿಯಲ್ಲಿ (ಕ್ಲಸ್ಟರ್ ಸಂಪನ್ಮೂಲ ಕೇಂದ್ರ) ಸೇರುತ್ತಾರೆ. ನಡೆಸುವವರು ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿ. ಮೊದಲು ಸುತ್ತೋಲೆ ಓದುವುದು, ಆಮೇಲೆ ಸ್ಯಾಟ್ಸ್ (ಮಕ್ಕಳ ವಿವರ ತುಂಬುವ ಇಲಾಖೆಯ ಜಾಲತಾಣ) ಎಂಟ್ರಿ ಬಾಕಿ ಇರುವವರ ಹೆಸರು, ಬಿಸಿಯೂಟದ ಲೆಕ್ಕ, ಶೂ-ಸಾಕ್ಸ್, ವಿದ್ಯಾರ್ಥಿವೇತನ, ಮುಂದಿನ ಜಯಂತಿಯ ತಯಾರಿ. ಇಷ್ಟು ಮುಗಿದ ಮೇಲೆ ಉಳಿದ ಹೊತ್ತು ಪಾಠಕ್ಕೆ. ಈ "ಉಳಿದ ಹೊತ್ತು" ಎಷ್ಟು ಎನ್ನುವುದರ ಮೇಲೆ ಇಡೀ ವಿಮರ್ಶೆ ನಿಂತಿದೆ. ಇಪ್ಪತ್ತು ನಿಮಿಷ ಉಳಿದರೆ ಯಾರೋ ಒಬ್ಬರು ಮಾದರಿ ಪಾಠ ಮಾಡಿ ತೋರಿಸುತ್ತಾರೆ, ಉಳಿದವರು ಚಪ್ಪಾಳೆ ತಟ್ಟಿ ಬಸ್ ಹಿಡಿಯುತ್ತಾರೆ. ತೊಂಬತ್ತು ನಿಮಿಷ ಉಳಿದರೆ ಕಥೆಯೇ ಬೇರೆ. ಸುತ್ತೋಲೆಗಳನ್ನು ಹಿಂದಿನ ದಿನವೇ ವಾಟ್ಸಾಪ್ ಗ್ರೂಪಿಗೆ ಹಾಕಿ, ಸಭೆಯಲ್ಲಿ ಸಂದೇಹ ಇದ್ದವರು ಮಾತ್ರ ಕೇಳಲಿ ಎಂದುಬಿಟ್ಟರೆ ಆ ತೊಂಬತ್ತು ನಿಮಿಷ ಹುಟ್ಟುತ್ತದೆ. ಇನ್ನೂ ಒಳ್ಳೆಯದು: ಪಾಠವನ್ನು ಮೊದಲು ಇಟ್ಟು ಲೆಕ್ಕಪತ್ರವನ್ನು ಕೊನೆಗೆ ತಳ್ಳುವುದು. ಲೆಕ್ಕಪತ್ರಕ್ಕೆ ಜನ ಹೇಗಾದರೂ ಕಾಯುತ್ತಾರೆ, ಅದನ್ನು ಬಿಟ್ಟು ಹೋದರೆ ಫೋನ್ ಬರುತ್ತದಲ್ಲ.

ಈ ಸೇವೆ ಬೇಕೇ ಬೇಕು ಅನ್ನುವುದಕ್ಕೆ ಕಾರಣ ಶಾಲೆಯ ರಚನೆಯಲ್ಲೇ ಇದೆ. ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ-ವಿಜ್ಞಾನಕ್ಕೆ ಒಬ್ಬರೇ ಇರುತ್ತಾರೆ. ಭಿನ್ನರಾಶಿ ಕೂಡಿಸುವಾಗ ಮಕ್ಕಳು ಎಲ್ಲಿ ಎಡವುತ್ತಾರೆ ಎಂದು ಪಕ್ಕದವರನ್ನು ಕೇಳೋಣ ಅಂದರೆ ಪಕ್ಕದವರು ಹಿಂದಿ ಟೀಚರ್. ಅದೇ ತರಗತಿಗೆ ಅದೇ ಪಾಠ ಮಾಡುವ ಇನ್ನೊಬ್ಬರು ಸಿಗುವ ಜಾಗ ಕ್ಲಸ್ಟರ್ ಒಂದೇ. ಆದ್ದರಿಂದ ಎಲ್ಲರನ್ನೂ ಒಂದೇ ಹಾಲಿನಲ್ಲಿ ಕೂಡಿಸಿ ಒಂದೇ ಭಾಷಣ ಕೇಳಿಸುವ ಸಭೆ ತನ್ನ ಬಂಡವಾಳವನ್ನೇ ಕಳೆದುಕೊಳ್ಳುತ್ತದೆ. ವಿಷಯವಾರು, ಸಾಧ್ಯವಾದರೆ ತರಗತಿವಾರು, ನಾಲ್ಕರಿಂದ ಆರು ಜನರ ಗುಂಪು ಸರಿಯಾದ ಅಳತೆ. ಇಬ್ಬರೇ ಆದರೆ ಬೇಗ ಒಪ್ಪಿಕೊಂಡುಬಿಡುತ್ತಾರೆ. ಎಂಟು ದಾಟಿದರೆ ಇಬ್ಬರು ಮಾತಾಡುತ್ತಾರೆ, ಉಳಿದವರು ಮೊಬೈಲ್ ನೋಡುತ್ತಾರೆ.

ಇನ್ನು ಆ ತೊಂಬತ್ತು ನಿಮಿಷದಲ್ಲಿ ಏನು ಮಾಡಬೇಕು. ಒಂದು ಪಾಠವನ್ನಷ್ಟೇ ಹಿಡಿಯಬೇಕು, ಇಡೀ ಘಟಕವನ್ನಲ್ಲ. ಮೊದಲ ಹದಿನೈದು ನಿಮಿಷ ಎಲ್ಲರೂ ಪಠ್ಯಪುಸ್ತಕ ತೆರೆದು ಆ ಪಾಠದ ಲೆಕ್ಕ ಅಥವಾ ಚಟುವಟಿಕೆಯನ್ನು ವಿದ್ಯಾರ್ಥಿಗಳ ಹಾಗೆ ತಾವೇ ಮಾಡಬೇಕು. ಇದನ್ನು ಬಿಟ್ಟು ಮುಂದಕ್ಕೆ ಹಾರುವವರೇ ಹೆಚ್ಚು. "ನಮಗೇನು ಗೊತ್ತಿಲ್ಲೇನ್ರಿ" ಅನ್ನುವ ಮಾತು ಇಲ್ಲೇ ಬರುವುದು. ಆಮೇಲೆ ಹತ್ತು ನಿಮಿಷ, ಹಿಂದಿನ ಕಿರುಪರೀಕ್ಷೆಯ, ಅಂದರೆ ಎಫ್‌ಎ ಉತ್ತರ ಪತ್ರಿಕೆಗಳು. ಪ್ರತಿಯೊಬ್ಬರೂ ಐದೈದು ಪತ್ರಿಕೆ ತಂದಿರಬೇಕು: ಎರಡು ಸರಿ ಉತ್ತರದ್ದು, ಮೂರು ತಪ್ಪು ಉತ್ತರದ್ದು. ಖಾಲಿ ಬಿಟ್ಟ ಪತ್ರಿಕೆ ಉಪಯೋಗವಿಲ್ಲ, ಅದರಲ್ಲಿ ಮಗುವಿನ ಯೋಚನೆ ಕಾಣುವುದಿಲ್ಲ. ಮುಂದಿನ ನಲವತ್ತೈದು ನಿಮಿಷ ಒಂದೇ ಒಂದು ಮುಖ್ಯ ಪ್ರಶ್ನೆಗೆ ಮತ್ತು ಆ ಪ್ರಶ್ನೆಗೆ ಮಕ್ಕಳು ಕೊಡಬಹುದಾದ ಉತ್ತರಗಳಿಗೆ. ಉಳಿದದ್ದು ಬೋರ್ಡಿನ ಯೋಜನೆಗೆ ಮತ್ತು ಯಾರು ಯಾವತ್ತು ಈ ಪಾಠ ಮಾಡುತ್ತಾರೆ, ಯಾರು ಬಂದು ನೋಡುತ್ತಾರೆ ಎಂದು ಗೊತ್ತುಮಾಡಲು.

ಮುಖ್ಯ ಪ್ರಶ್ನೆ ಅಂದರೆ ಏನು? ಆರನೇ ತರಗತಿಯ ಭಿನ್ನರಾಶಿಯನ್ನೇ ತೆಗೆದುಕೊಳ್ಳಿ. 1/2 + 1/3 ಎಷ್ಟು ಎಂದು ಕೇಳಿದರೆ ಅರ್ಧ ತರಗತಿ 2/5 ಎನ್ನುತ್ತದೆ. ಮೇಲಿಂದು ಮೇಲಕ್ಕೆ, ಕೆಳಗಿಂದು ಕೆಳಕ್ಕೆ ಕೂಡಿಸಿರುತ್ತಾರೆ. ಸಾಮಾನ್ಯವಾಗಿ ನಾವು ಮಾಡುವುದು "ತಪ್ಪು, ಲ.ಸಾ.ಅ. ತೆಗೀರಿ" ಎಂದು ನಿಯಮ ಹೇಳುವುದು. ಮಗು ನಿಯಮ ಬರೆದುಕೊಳ್ಳುತ್ತದೆ, ಎರಡು ವಾರದ ನಂತರ ಮತ್ತೆ 2/5 ಬರೆಯುತ್ತದೆ. ಗುಂಪಿನಲ್ಲಿ ಕೂತು ಯೋಚಿಸಿದಾಗ ಹೊರಬರುವ ಪ್ರಶ್ನೆ ಬೇರೆ: "ಒಬ್ಬರು 2/5 ಅಂತ ಬರೆದಿದಾರ. 2/5 ಅರ್ಧಕ್ಕಿಂತ ಹೆಚ್ಚೋ ಕಮ್ಮಿಯೋ?" ಕಮ್ಮಿ. ಅರ್ಧಕ್ಕೆ ಇನ್ನಷ್ಟು ಕೂಡಿಸಿದ ಮೇಲೆ ಅರ್ಧಕ್ಕಿಂತ ಕಮ್ಮಿ ಬಂತು ಅಂದರೆ? ಇಲ್ಲಿ ತರಗತಿ ಸುಮ್ಮನಾಗುತ್ತದೆ. ಆ ಸುಮ್ಮನಿರುವಿಕೆಯೇ ಬೇಕಾದದ್ದು. ಲ.ಸಾ.ಅ. ಬೇಕು ಎನ್ನುವುದನ್ನು ಮಗುವೇ ಹುಡುಕಿಕೊಂಡು ಹೋಗುವ ಹಾಗೆ ದಾರಿ ತೆರೆದಂತಾಯಿತು.

ಇದರ ಜತೆಗಿನ ಕಲಿಕೋಪಕರಣದ ಮಾತು. ಎಲ್ಲರಿಗೂ ಮೊದಲು ಹೊಳೆಯುವುದು ರೊಟ್ಟಿ. ಜೋಳದ ರೊಟ್ಟಿ ಅರ್ಧಕ್ಕೆ, ಕಾಲಿಗೆ ಬಹಳ ಚೆಂದ. ಮೂರರಲ್ಲಿ ಒಂದಕ್ಕೆ ಬೇಡ. ದುಂಡನೆಯದನ್ನು ಮೂರು ಸಮಭಾಗ ಮಾಡುವುದು ದೊಡ್ಡವರಿಗೇ ಕಷ್ಟ, ಮಕ್ಕಳ ಮೂರು ತುಂಡು ಮೂರು ಅಳತೆ ಇರುತ್ತವೆ, ಚರ್ಚೆ ಕೂಡಿಸುವುದರಿಂದ ಕತ್ತರಿಸುವುದಕ್ಕೆ ಜಾರುತ್ತದೆ. ಎರಡು ಸಾಲು, ಮೂರು ಕಂಬದ ಆರು ಚೌಕದ ಆಯತ ಬರೆಸಿ. ಶೇಂಗಾ ಚಿಕ್ಕಿಯ ಅಚ್ಚಿನ ಹಾಗೆ ಎಂದು ಹೇಳಿದರೆ ಮಕ್ಕಳಿಗೆ ಥಟ್ಟನೆ ಹತ್ತುತ್ತದೆ. ಅರ್ಧ ಅಂದರೆ ಮೂರು ತುಂಡು, ಮೂರರಲ್ಲಿ ಒಂದು ಅಂದರೆ ಎರಡು ತುಂಡು, ಒಟ್ಟು ಆರರಲ್ಲಿ ಐದು. ಆಯತವನ್ನು ಶಿಕ್ಷಕರೇ ಬರೆದು ತೋರಿಸಿದರೆ ಅರ್ಧ ಲಾಭ ಹೋಯಿತು. "ಎಷ್ಟು ತುಂಡಿನ ಚಿಕ್ಕಿ ತಗೊಂಡ್ರ ಅರ್ಧಾನೂ ಬರತೈತಿ, ಮೂರರಾಗ ಒಂದೂ ಬರತೈತಿ?" ಎಂದು ಕೇಳಿ ಬಿಡಬೇಕು. ನಾಲ್ಕು ಅನ್ನುವವರು ಇರುತ್ತಾರೆ, ಹನ್ನೆರಡು ಅನ್ನುವವರೂ ಇರುತ್ತಾರೆ. ಹನ್ನೆರಡೂ ಸರಿಯೇ. ಅದನ್ನು ತಪ್ಪು ಎನ್ನದಂತೆ ಗುಂಪು ಮೊದಲೇ ಬರೆದಿಟ್ಟುಕೊಂಡಿರಬೇಕು.

ಹೀಗೆ ಬರೆದಿಡುವ ಪಟ್ಟಿಯೇ ಈ ಸೇವೆಯ ಅತಿ ಬೆಲೆಬಾಳುವ ಭಾಗ. ಎ4 ಹಾಳೆಯಲ್ಲಿ ಮೂರು ಕಂಬ: ಮಗು ಹೇಳಬಹುದಾದ ಉತ್ತರ, ಆ ಉತ್ತರದ ಹಿಂದಿನ ಯೋಚನೆ, ನಾವು ಮುಂದೆ ಕೇಳುವ ಪ್ರಶ್ನೆ. ಮೊದಲ ಕಂಬವನ್ನು ಮಗುವಿನ ಮಾತಿನಲ್ಲೇ ಬರೆಯಬೇಕು. "ವಿದ್ಯಾರ್ಥಿಯು ಛೇದಗಳನ್ನು ಸಂಕಲನ ಮಾಡುವ ಸಾಧ್ಯತೆ ಇದೆ" ಎಂದು ಬರೆದರೆ ತರಗತಿಯಲ್ಲಿ ಆ ಮಗು ಬಾಯಿ ತೆರೆದಾಗ ಗುರುತು ಹತ್ತುವುದಿಲ್ಲ. "ಕೆಳಗಿಂದೂ ಕೂಡಸಬೇಕಲ್ರಿ ಸರ" ಎಂದು ಬರೆದರೆ ಹತ್ತುತ್ತದೆ. ಮೂರನೇ ಕಂಬದಲ್ಲಿ ವಿವರಣೆ ಬರೆಯುವಂತಿಲ್ಲ, ಪ್ರಶ್ನೆ ಮಾತ್ರ. ಈ ಒಂದು ನಿಯಮ ಪಾಲಿಸುವುದು ನೋಡಲು ಸಣ್ಣದು, ಮಾಡಲು ಬಹಳ ಕಷ್ಟ. ಇಪ್ಪತ್ತು ವರ್ಷ ಸೇವೆಯಾದವರ ಕೈ ಸಹ ತಾನಾಗಿ "ಆಗ ಶಿಕ್ಷಕರು ವಿವರಿಸುವರು" ಎಂದು ಬರೆದುಬಿಡುತ್ತದೆ.

ಜಪಾನಿನ ಶಾಲೆಗಳಲ್ಲಿ ಈ ಬಗೆಯ ಕೂಡು-ತಯಾರಿ ನೂರು ವರ್ಷಕ್ಕೂ ಹಳೆಯದು. ಅಲ್ಲಿ ಮುಖ್ಯ ಪ್ರಶ್ನೆಗೆ ಹಾತ್ಸುಮೋನ್ ಎಂದೂ ಬೋರ್ಡಿನ ಯೋಜನೆಗೆ ಬಾನ್ಶೋ ಎಂದೂ ಹೆಸರೇ ಇಟ್ಟಿದ್ದಾರೆ. ಬೋರ್ಡಿನ ವಿಷಯದಲ್ಲಿ ಅವರಿಂದ ಕಲಿಯುವುದು ಬಹಳ ಇದೆ: ಪಾಠ ಮುಗಿಯುವ ತನಕ ಏನನ್ನೂ ಒರೆಸುವುದಿಲ್ಲ. ಎಡಗಡೆ ಪ್ರಶ್ನೆ, ನಡುವೆ ಮಕ್ಕಳ ಬೇರೆ ಬೇರೆ ಉತ್ತರ, ಬಲಗಡೆ ಎಲ್ಲರೂ ಸೇರಿ ಕಂಡುಕೊಂಡದ್ದು. ನಮ್ಮಲ್ಲಿ ಬೋರ್ಡಿನ ಬಲಗಡೆಯ ಮೇಲ್ತುದಿಯಲ್ಲಿ ದಾಖಲಾತಿ-ಹಾಜರಾತಿ ಬರೆಯುವ ಪದ್ಧತಿ ಇದೆ, ಆ ಜಾಗ ಬಿಟ್ಟೇ ಲೆಕ್ಕ ಹಾಕಿ.

ಕೂಡಿ ಯೋಜಿಸಿದರೆ ಎಷ್ಟು ಲಾಭ ಎನ್ನುವುದು ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಎಂಟನೇ ತರಗತಿಯ "ಬಲ ಮತ್ತು ಒತ್ತಡ" ಪಾಠದಲ್ಲಿ. ಕೊಪ್ಪಳದವರಿಗೆ ಈ ಪಾಠದ ದೊಡ್ಡ ಕಲಿಕೋಪಕರಣ ಮುನಿರಾಬಾದಿನಲ್ಲೇ ನಿಂತಿದೆ. ತುಂಗಭದ್ರಾ ಜಲಾಶಯಕ್ಕೆ 33 ಕ್ರಸ್ಟ್ ಗೇಟು (ಹೆಚ್ಚಾದ ನೀರು ಬಿಡುವ ಮೇಲಿನ ಗೇಟು). 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ಲಿಂಕ್ ಕಡಿದು ಗೇಟು ಕೊಚ್ಚಿಹೋಯಿತು. ಜಲಾಶಯ ಆಗ ಹೆಚ್ಚುಕಡಿಮೆ ತುಂಬಿತ್ತು. ಬಾಕಿ ಗೇಟುಗಳನ್ನೂ ತೆರೆದು ನೀರು ಬಿಟ್ಟರು. ಒಂದು ವಾರದಲ್ಲಿ ತಾತ್ಕಾಲಿಕ ಗೇಟಿನ ಎಲಿಮೆಂಟು (ಉಕ್ಕಿನ ತುಂಡು) ಇಳಿಸಿ ಮುಚ್ಚಿದರು. ಎಡದಂಡೆ ಕಾಲುವೆಯ ನೀರು ಉಣ್ಣುವ ಗಂಗಾವತಿ, ಕಾರಟಗಿ, ಸಿಂಧನೂರಿನ ಮನೆಗಳಲ್ಲಿ ಆ ವಾರ ಬೇರೆ ಮಾತೇ ಇರಲಿಲ್ಲ, ಆದ್ದರಿಂದ ಮಕ್ಕಳಿಗೆ ಹಿನ್ನೆಲೆ ಹೇಳಬೇಕಾಗಿಲ್ಲ.

ಇದರಿಂದ ಮೊದಲು ಬರುವ ಪ್ರಶ್ನೆ: "ಎಷ್ಟನೇ ಗೇಟು ಮುರಿಯಿತು?" ಇದು ರಸಪ್ರಶ್ನೆ, ಇದಕ್ಕೆ ಪಾಠ ಬೇಡ, ಪೇಪರ್ ಓದಿದರೆ ಸಾಕು. ಎರಡನೇ ಕರಡು: "ನೀರು ಉಳಿಸಬೇಕಾದ ಹೊತ್ತಿನಾಗ ಬಾಕಿ ಗೇಟು ಯಾಕ ತೆಗೆದ್ರು?" ಇದು ಬಹಳ ಮೇಲು. ಆದರೆ ಉತ್ತರ ಕೆಲಸದ ಅನುಕೂಲದ ಕಡೆ ಹೋಗುತ್ತದೆ: ನೀರು ಇಳಿದರೆ ರಿಪೇರಿ ಮಾಡಲು ಬರುತ್ತದೆ ಎಂದು. ಸರಿಯಾದ ಮಾತೇ, ಆದರೆ ಒತ್ತಡಕ್ಕೆ ಬಂದು ಮುಟ್ಟುವುದಿಲ್ಲ. ಮೂರನೇ ಕರಡು ಹೀಗಾಗಬಹುದು: "ಡ್ಯಾಮಿನ ಹಿಂದ 100 ಟಿಎಂಸಿ ನೀರು ಐತಿ. ಒಂದು ಗೇಟಿನ ಮ್ಯಾಲೆ ಆ ಅಷ್ಟೂ ನೀರಿನ ಭಾರ ಬೀಳತೈತೋ, ಇಲ್ಲಾ ಗೇಟಿನ ಮುಂದ ಎಷ್ಟು ಆಳ ನೀರು ನಿಂತೈತಿ ಅದರ ಮ್ಯಾಲೆ ಹೋಗತೈತೋ?" ಇಲ್ಲಿ ಮಗು ಒಂದು ಕಡೆ ನಿಲ್ಲಲೇಬೇಕು, ನಿಂತು ಕಾರಣ ಕೊಡಲೇಬೇಕು. ಬಹಳ ಮಕ್ಕಳು ಮೊದಲನೆಯದರ ಪರ ಕೈ ಎತ್ತುತ್ತಾರೆ. ಮುಂದಿನ ಪ್ರಶ್ನೆಯನ್ನೂ ಈಗಲೇ ಬರೆದಿಡಿ: "ಅಷ್ಟೇ ಆಳ ನೀರಿರೋ ಒಂದು ಸಣ್ಣ ಬಾವಿಗೆ ಅದೇ ಅಳತೆಯ ಗೇಟು ಕೂಡಿಸಿದ್ರ?" ಉತ್ತರ, ಗೇಟಿನ ಮೇಲೆ ಬೀಳುವ ಬಲ ಅಷ್ಟೇ. ಇದನ್ನು ನಂಬಲು ದೊಡ್ಡವರಿಗೂ ಒಂದು ಕ್ಷಣ ಬೇಕು.

ಇನ್ನು ಪ್ರಯೋಗ. ಎರಡು ಲೀಟರ್ ಬಾಟಲಿಗೆ ಮೂರು ಎತ್ತರದಲ್ಲಿ ಮೂರು ತೂತು. ಆಳ ಹೆಚ್ಚಾದಂತೆ ಒತ್ತಡ ಹೆಚ್ಚು, ಆದ್ದರಿಂದ ಕೆಳಗಿನ ತೂತಿನ ನೀರು ಎಲ್ಲಕ್ಕಿಂತ ದೂರ ಬೀಳುತ್ತದೆ. ಗೈಡುಗಳಲ್ಲಿ ಹೀಗೇ ಚಿತ್ರ ಇರುತ್ತದೆ. ತರಗತಿಯಲ್ಲಿ ಟೇಬಲ್ ಮೇಲೆ ಬಾಟಲಿ ಇಟ್ಟು ಮಾಡಿದರೆ ಹಾಗೆ ಆಗುವುದಿಲ್ಲ, ಮೇಷ್ಟ್ರ ಮುಖ ಸಪ್ಪಗಾಗುತ್ತದೆ, "ತೂತು ಸರಿ ಆಗಿಲ್ಲ" ಎಂದು ಬಾಟಲಿ ಒಳಗೆ ಹೋಗುತ್ತದೆ. ತೂತಿನದ್ದು ತಪ್ಪಲ್ಲ. ನೀರು 24 ಸೆಂ.ಮೀ. ಎತ್ತರ ಇದ್ದು, ತಳದಿಂದ 4, 12, 20 ಸೆಂ.ಮೀ.ನಲ್ಲಿ ತೂತುಗಳಿದ್ದರೆ, ಬಾಟಲಿಯ ತಳದ ಮಟ್ಟದಲ್ಲೇ ನೀರು ಬೀಳುವಾಗ ಲೆಕ್ಕದ ಪ್ರಕಾರ ಕೆಳಗಿನದು ಸುಮಾರು 18 ಸೆಂ.ಮೀ., ನಡುವಿನದು 24, ಮೇಲಿನದು ಮತ್ತೆ 18 ಸೆಂ.ಮೀ. ದೂರ ಹೋಗುತ್ತದೆ. ಕೆಳಗಿನ ತೂತಿನ ನೀರು ಜೋರಾಗಿಯೇ ಬರುತ್ತದೆ, ಆದರೆ ನೆಲಕ್ಕೆ ಬೀಳಲು ಅದಕ್ಕೆ ಬರೀ 4 ಸೆಂ.ಮೀ. ಇದೆ, ದೂರ ಹೋಗಲು ಹೊತ್ತೇ ಸಿಗುವುದಿಲ್ಲ. ಅದೇ ಬಾಟಲಿಯನ್ನು ಸ್ಟೂಲಿನ ಅಂಚಿಗೆ ಇಟ್ಟು, ನೀರು 30 ಸೆಂ.ಮೀ. ಕೆಳಗಿನ ಪರಾತಕ್ಕೆ ಬೀಳುವ ಹಾಗೆ ಮಾಡಿ: ಲೆಕ್ಕ 52, 45, 28 ಆಗುತ್ತದೆ. ಕೈಯಲ್ಲಿ ಅಳೆದರೆ ಎಲ್ಲವೂ ಸ್ವಲ್ಪ ಕಮ್ಮಿ ಬರುತ್ತವೆ, ಆದರೆ ಕ್ರಮ ಕೆಡುವುದಿಲ್ಲ. ನೆನಪಿಡಬೇಕಾದ ಅಳತೆ ಇಷ್ಟೇ: ಬಾಟಲಿಯೊಳಗೆ ನೀರು ಎಷ್ಟು ಎತ್ತರ ಇದೆಯೋ ತಳದ ಕೆಳಗೆ ಕನಿಷ್ಠ ಅಷ್ಟು ಖಾಲಿ ಜಾಗ ಇರಬೇಕು.

ಇನ್ನೂ ಮೂರು ಸಣ್ಣ ಮಾತು. ತೂತುಗಳನ್ನು ನೆಟ್ಟಗೆ ಒಂದರ ಕೆಳಗೊಂದು ಮಾಡಬೇಡಿ, ಧಾರೆಗಳು ಒಂದಕ್ಕೊಂದು ಬಡಿಯುತ್ತವೆ, ಎರಡೆರಡು ಸೆಂ.ಮೀ. ಪಕ್ಕಕ್ಕೆ ಸರಿಸಿ. ಮೂರಕ್ಕೂ ಒಂದೇ ಮೊಳೆಯನ್ನು ಕಾಯಿಸಿ ಇಕ್ಕಳದಲ್ಲಿ ಹಿಡಿದು ಚುಚ್ಚಿ, ಅಂಚು ಹರಿದಿದ್ದರೆ ಧಾರೆ ಚದುರುತ್ತದೆ. ಮುಚ್ಚಳ ತೆಗೆದಿರಲಿ, ಬಿಗಿಯಾಗಿದ್ದರೆ ಮೇಲಿನ ತೂತು ನೀರು ಬಿಡುವ ಬದಲು ಗಾಳಿ ಎಳೆಯಲು ಶುರು ಮಾಡುತ್ತದೆ.

ಒಬ್ಬರೇ ತಯಾರಿ ಮಾಡುವಾಗ ಈ ಪ್ರಯೋಗ ಕೆಟ್ಟರೆ ಅದು ಮಕ್ಕಳ ಮುಂದೆ ಕೆಡುತ್ತದೆ. ಸಿಆರ್‌ಸಿಯಲ್ಲಿ ಐದು ಜನ ಕೂತು ಮಾಡಿದಾಗ ಕೆಟ್ಟರೆ "ಯಾಕೆ ನಡುವಿನದು ದೂರ ಹೋಯಿತು" ಎಂಬ ಹೊಸ ಪ್ರಶ್ನೆ ಸಿಗುತ್ತದೆ, ಅದನ್ನು ಹತ್ತನೇ ತರಗತಿಯವರಿಗೂ ಕೇಳಬಹುದು. ಭಾಷೆಯ ಸೂಕ್ಷ್ಮವೂ ಹೀಗೆ ಕೂತಾಗಲೇ ಹೊರಬೀಳುತ್ತದೆ. ನಮ್ಮ ಕಡೆ ಮಕ್ಕಳು "ನೀರು ಜೋರು ಐತಿ" ಅನ್ನುತ್ತಾರೆ. ಆ "ಜೋರು" ಒಮ್ಮೆ ವೇಗ, ಒಮ್ಮೆ ಬಲ, ಒಮ್ಮೆ ಒತ್ತಡ. "ಜೋರು ಅಂದ್ರ ಏನು, ಲಗೂನ ಬರತೈತೋ, ಗಟ್ಟಿ ತಳ್ಳತೈತೋ?" ಎಂದು ಬಿಡಿಸಿ ಕೇಳುವುದು ಪಟ್ಟಿಯ ಮೂರನೇ ಕಂಬಕ್ಕೆ ಸೇರಬೇಕು. ರಾಯಚೂರಿನ ಗಡಿ ಊರುಗಳಲ್ಲಿ ಮನೆಮಾತು ತೆಲುಗು, ತಾಂಡಾಗಳಲ್ಲಿ ಲಂಬಾಣಿ, ಪೇಟೆಯಲ್ಲಿ ಉರ್ದು. ಅಲ್ಲಿ ಮೊದಲ ಕಂಬವನ್ನು ಆ ಮಾತುಗಳಲ್ಲೂ ಬರೆದುಕೊಂಡ ಗುಂಪುಗಳಿಗೆ ತರಗತಿಯಲ್ಲಿ ಹೆಚ್ಚು ಬಾಯಿ ತೆರೆದುಕೊಳ್ಳುತ್ತವೆ.

ಜಲಾಶಯದಿಂದಲೇ ಗಣಿತದ ಒಂದು ಪ್ರಶ್ನೆ ಬೇಕಿದ್ದರೆ ಹೂಳು ಇದೆ. ಕಟ್ಟಿದಾಗ ಸುಮಾರು 133 ಟಿಎಂಸಿ ಇದ್ದ ಸಾಮರ್ಥ್ಯ ಈಗ 105.79 ಟಿಎಂಸಿ. ಶೇಕಡಾ ಎಷ್ಟು ಕಮ್ಮಿ ಎಂದು ಕೇಳಿದರೆ ಬರೀ ಲೆಕ್ಕ, ಸುಮಾರು 20. "ಪೂರ್ಣ ಮಟ್ಟ ಅವತ್ತೂ 1633 ಅಡಿ, ಇವತ್ತೂ 1633 ಅಡಿ, ಮಟ್ಟ ಅಷ್ಟೇ ಇದ್ದು ನೀರು ಕಮ್ಮಿ ಹೆಂಗಾತು?" ಎಂದರೆ ಯೋಚನೆ.

ಸಮಾಜ ವಿಜ್ಞಾನದ ಗುಂಪಿಗೆ ಕೊಪ್ಪಳ, ರಾಯಚೂರು, ಬಳ್ಳಾರಿ ಈ ಮೂರು ಜಿಲ್ಲೆಗಳಷ್ಟು ಸರಕು ಬೇರೆಲ್ಲೂ ಇಲ್ಲ. ಅಶೋಕನ ಪಾಠದಲ್ಲಿ "ಮಸ್ಕಿ ಶಾಸನ ಪತ್ತೆಯಾದ ವರ್ಷ ಯಾವುದು?" ಎಂದು ಕೇಳಿ 1915 ಎಂಬ ಉತ್ತರ ಪಡೆದು ಮುಂದೆ ಹೋಗುವುದು ರೂಢಿ. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳ ಶಾಸನದಲ್ಲಿ ಅಶೋಕನ ಹೆಸರಿಲ್ಲ, ದೇವಾನಾಂಪ್ರಿಯ (ದೇವತೆಗಳಿಗೆ ಪ್ರಿಯ) ಎಂಬ ಬಿರುದಷ್ಟೇ ಇದೆ. ಮಸ್ಕಿಯಲ್ಲಿ ಹೆಸರಿದೆ, ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳದಲ್ಲೂ ಇದೆ. "ಮಸ್ಕಿ, ನಿಟ್ಟೂರು, ಉಡೇಗೋಳದ ಹಾಗೆ ಹೆಸರಿರುವ ಒಂದು ಕಲ್ಲೂ ಸಿಗದೇ ಹೋಗಿದ್ದರೆ ಗವಿಮಠದ ದೇವಾನಾಂಪ್ರಿಯ ಯಾರು ಎಂದು ನೀವು ಹೇಗೆ ಪತ್ತೆ ಮಾಡುತ್ತಿದ್ದಿರಿ?" ಇದು ಇತಿಹಾಸಕಾರರು ನಿಜಕ್ಕೂ ಎದುರಿಸಿದ ಪ್ರಶ್ನೆ. ಮಸ್ಕಿಗೆ ಮೊದಲು ವಿದ್ವಾಂಸರು ಸಿಂಹಳದ ಬೌದ್ಧ ವಂಶಾವಳಿಗಳನ್ನು ಹಿಡಿದು ಊಹಿಸಿದ್ದರು. ಇದರ ದೋಷವನ್ನೂ ಹೇಳಬೇಕು: ಮಕ್ಕಳ ಕೈಯಲ್ಲಿ ಸಾಮಗ್ರಿ ಇಲ್ಲದಿದ್ದರೆ ಇದು ಊಹೆಯ ಆಟವಾಗುತ್ತದೆ, "ಫೋಟೋ ನೋಡಿ ಸರ" ಎಂಬ ಉತ್ತರವೂ ಬರುತ್ತದೆ. ಶಾಸನಗಳ ಒಂದೆರಡು ಸಾಲಿನ ಸಾರವನ್ನು ಎರಡು ಚೀಟಿಗಳಲ್ಲಿ, ವಂಶಾವಳಿಯ ಮಾತನ್ನು ಮೂರನೇ ಚೀಟಿಯಲ್ಲಿ ಬರೆದು ಗುಂಪಿಗೆ ಕೊಟ್ಟ ಮೇಲೆಯೇ ಕೇಳಬೇಕು. ಚೀಟಿ ತಯಾರಿಸುವುದು ಒಬ್ಬರಿಗೆ ಹೊರೆ, ಐದು ಜನರಿಗೆ ಹತ್ತು ನಿಮಿಷದ ಕೆಲಸ.

ಎಷ್ಟೇ ಒಳ್ಳೆಯ ಪ್ರಶ್ನೆಯಾದರೂ ಕೇಳಿದ ಮೇಲೆ ಕಾಯದಿದ್ದರೆ ಸತ್ತಂತೆಯೇ. ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳನ್ನು ಅಳೆದು ನೋಡಿದಾಗ, ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡ್ ಸಹ ಕಾಯುತ್ತಿರಲಿಲ್ಲ. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, "ಗೊತ್ತಿಲ್ಲ" ಕಮ್ಮಿಯಾಯಿತು, ಮಕ್ಕಳೇ ಪ್ರಶ್ನೆ ಕೇಳತೊಡಗಿದರು. ಮೂರು ಸೆಕೆಂಡ್ ಕಾಯುವುದು ಅಂದುಕೊಂಡಷ್ಟು ಸುಲಭವಲ್ಲ. ಮನಸ್ಸಿನಲ್ಲಿ "ಒಂದು ತುಂಗಭದ್ರಾ, ಎರಡು ತುಂಗಭದ್ರಾ, ಮೂರು ತುಂಗಭದ್ರಾ" ಎಂದುಕೊಂಡರೆ ಸರಿಹೋಗುತ್ತದೆ. ಮಗು ಉತ್ತರ ಹೇಳಿದ ಮೇಲೂ ಇನ್ನೊಮ್ಮೆ ಅಷ್ಟೇ ಕಾಯಬೇಕು, ಆ ಎರಡನೇ ಮೌನದಲ್ಲಿ ಮಗು "ಯಾಕಂದ್ರ ಸರ..." ಎಂದು ಮುಂದುವರಿಸುತ್ತದೆ. "ಹೌದ್ರೀ ಸರ" ಎಂಬ ಕೋರಸ್ಸಿಗೆ ಮದ್ದು ಸ್ಲೇಟು: ಮೊದಲು ಎಲ್ಲರೂ ಬರೆಯಬೇಕು, ಆಮೇಲೆ ಒಟ್ಟಿಗೆ ಎತ್ತಿ ತೋರಿಸಬೇಕು.

ಈಗ ಕೈ ಕೊಡುವ ಭಾಗಗಳು. ಮೊದಲನೆಯದು ನಮೂನೆಯ ಮೋಹ. 5ಇ ಮಾದರಿಯ (ಇಂಗ್ಲಿಷಿನ ಇ ಅಕ್ಷರದಿಂದ ಶುರುವಾಗುವ ಐದು ಹಂತದ) ಪಾಠ ಟಿಪ್ಪಣಿಯಲ್ಲಿ ತಪ್ಪಿಲ್ಲ, ಅದರ ಐದು ಹಂತಗಳೂ ಅರ್ಥಪೂರ್ಣವೇ. ಆದರೆ ಗುಂಪು ಕೂತು ಐದು ಕೋಣೆ ತುಂಬುವುದಕ್ಕೇ ಇಳಿದರೆ ಪ್ರಶ್ನೆಯ ಕೋಣೆಯಲ್ಲಿ "ಸೂಕ್ತ ಪ್ರಶ್ನೆಗಳನ್ನು ಕೇಳುವುದು" ಎಂದು ಬರೆದು ಮುಂದೆ ಹೋಗುತ್ತಾರೆ. ಯಾವ ಪ್ರಶ್ನೆ ಎನ್ನುವುದೇ ಅಲ್ಲವೇ ಇಡೀ ಕೆಲಸ? ಎರಡನೆಯದು ರೆಡಿಮೇಡ್ ಪಿಡಿಎಫ್. ಟೆಲಿಗ್ರಾಂ, ವಾಟ್ಸಾಪ್‌ನಲ್ಲಿ ಇಡೀ ವರ್ಷದ ಪಾಠ ಟಿಪ್ಪಣಿ ಸಿಗುತ್ತದೆ, ಮೇಲಧಿಕಾರಿ ಬಂದಾಗ ತೋರಿಸಲು ಅಡ್ಡಿಯಿಲ್ಲ. ಅದರಲ್ಲಿ ನಿಮ್ಮ ತರಗತಿಯ 2/5 ಇರುವುದಿಲ್ಲ. ಹತ್ತನೇ ತರಗತಿಗೆ ಬಂದರೆ ಪಾಸಿಂಗ್ ಪ್ಯಾಕೇಜ್ (ಪಾಸಾಗಲು ಬೇಕಾದಷ್ಟೇ ಪ್ರಶ್ನೋತ್ತರದ ಕಟ್ಟು) ಬೇರೆ ಇದೆ. ಎಸ್‌ಎಸ್‌ಎಲ್‌ಸಿ ಫಲಿತಾಂಶದ ಒತ್ತಡ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಮೇಲೆ ಎಷ್ಟಿದೆ ಎಂದು ಗೊತ್ತಿದ್ದವರು ಅದನ್ನು ಬೈಯಲಾರರು. ಆದರೆ ಅದನ್ನೇ ಆರನೇ ತರಗತಿಯಿಂದ ಶುರು ಮಾಡುವ ಉತ್ಸಾಹ ಕೆಲವು ಸಭೆಗಳಲ್ಲಿ ಕಾಣುತ್ತದೆ, ಅದಕ್ಕೆ ಶೂನ್ಯ ಅಂಕ.

ದೀಕ್ಷಾ ಆ್ಯಪ್ ಬಗ್ಗೆ ಒಂದೇ ಮಾತು: ಪಠ್ಯಪುಸ್ತಕದ ಕ್ಯೂಆರ್ ಕೋಡಿನ ವೀಡಿಯೊಗಳನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು ಬನ್ನಿ, ಸಿಆರ್‌ಸಿಯಲ್ಲಿ ಮೂವತ್ತು ಜನ ಒಟ್ಟಿಗೆ ನೆಟ್ ಹಚ್ಚಿದರೆ ಚಕ್ರ ತಿರುಗುತ್ತಲೇ ಇರುತ್ತದೆ.

ಮೂರನೇ ಕೊರತೆ ದೊಡ್ಡದು. ಯೋಜನೆ ಆದ ಮೇಲೆ ಪಾಠವನ್ನು ಯಾರೂ ಬಂದು ನೋಡುವುದಿಲ್ಲ. ಕೂಡಿ ಮಾಡಿದ ಅಡುಗೆಯನ್ನು ಒಬ್ಬರೇ ಉಂಡು, ರುಚಿ ಹೇಗಿತ್ತು ಎಂದು ಯಾರಿಗೂ ಹೇಳದಿದ್ದ ಹಾಗೆ. ಏಕೋಪಾಧ್ಯಾಯ ಶಾಲೆಯವರು ಬಿಟ್ಟು ಬರಲಾರರು, ಉಳಿದವರಿಗೆ ಓಒಡಿ (ಕರ್ತವ್ಯದ ಮೇಲೆ ಬೇರೆಡೆ ಹೋಗುವ ಅನುಮತಿ) ಸಿಗುವುದು ಕಷ್ಟ. ಇರುವುದರಲ್ಲಿ ಸಾಧ್ಯವಾದ ದಾರಿ, ಪಕ್ಕದ ಊರಿನ ಒಬ್ಬರು ಮುಖ್ಯೋಪಾಧ್ಯಾಯರಿಗೆ ಮೊದಲೇ ತಿಳಿಸಿ ಎರಡು ಅವಧಿಗೆ ಮಾತ್ರ ಬರುವುದು. ಬಂದವರು ಹಿಂದೆ ಕೂರಬಾರದು. ಹಿಂದೆ ಕೂತರೆ ಕಾಣುವುದು ಶಿಕ್ಷಕರ ಮುಖ. ಪಕ್ಕದಲ್ಲಿ ಕೂತು ನಾಲ್ಕು ಮಕ್ಕಳನ್ನು ಗುರುತಿಟ್ಟುಕೊಂಡು ಅವರು ಬರೆದದ್ದು, ಅಳಿಸಿದ್ದು, ಪಿಸುಗುಟ್ಟಿದ್ದನ್ನಷ್ಟೇ ಗೀಚಿಕೊಳ್ಳಬೇಕು. "ಮೇಡಂ ಚೆನ್ನಾಗಿ ಮಾಡಿದರು" ಎಂಬ ಟಿಪ್ಪಣಿ ಯಾರ ಕೆಲಸಕ್ಕೂ ಬರುವುದಿಲ್ಲ. "ಮೂರನೇ ಬೆಂಚಿನ ಹುಡುಗಿ ಆರು ಚೌಕ ಬರೆದು ಅಳಿಸಿ ಐದು ಚೌಕ ಬರೆದಳು" ಎನ್ನುವುದು ಬರುತ್ತದೆ: ಅವಳು 2/5ರ ಐದನ್ನು ಹುಡುಕುತ್ತಿದ್ದಾಳೆ ಎಂದು ಗೊತ್ತಾಗುತ್ತದೆ, ಮುಂದಿನ ತಿಂಗಳ ಪಟ್ಟಿಗೆ ಹೊಸ ಸಾಲು ಸೇರುತ್ತದೆ.

ಸಿಆರ್‌ಪಿಯೇ ಬಂದು ನೋಡಿದರೆ ಸಾಲದೇ ಎನ್ನಬಹುದು. ಅವರ ಕೈಯಲ್ಲಿ ಭೇಟಿ ನಮೂನೆ ಇರುತ್ತದೆ. ನಮೂನೆ ಕಂಡ ಕೂಡಲೇ ಪಾಠ ಪ್ರದರ್ಶನವಾಗಿಬಿಡುತ್ತದೆ, ಎಷ್ಟೇ ಸ್ನೇಹ ಇದ್ದರೂ.

ಯಾರಿಗೆ ಈ ಸೇವೆ ಲಾಭ? ಸೇವೆಗೆ ಸೇರಿ ಐದು ವರ್ಷದೊಳಗಿನವರಿಗೆ, ತಮ್ಮ ವಿಷಯಕ್ಕೆ ಶಾಲೆಯಲ್ಲಿ ತಾವೊಬ್ಬರೇ ಇರುವವರಿಗೆ, ಬಹುವರ್ಗ ಬೋಧನೆ ಮಾಡುವವರಿಗೆ ಕಣ್ಣು ಮುಚ್ಚಿ ಶಿಫಾರಸು ಮಾಡಬಹುದು. ಅತಿಥಿ ಶಿಕ್ಷಕರನ್ನು ಬಹಳ ಕಡೆ ಕರೆಯುವುದೇ ಇಲ್ಲ. ಆದರೆ ಪಾಠದ ಅರ್ಧ ಭಾರ ಹೊರುವುದು ಅವರೇ ಆಗಿರುವ ಶಾಲೆಗಳಿವೆ. ಮುಖ್ಯೋಪಾಧ್ಯಾಯರು ಒಂದು ಮಾತು ಹೇಳಿದರೆ ಆಗುವ ಕೆಲಸ. ನಲಿ-ಕಲಿ (ಒಂದರಿಂದ ಮೂರನೇ ತರಗತಿಯ ಚಟುವಟಿಕೆ ಪದ್ಧತಿ) ಶಿಕ್ಷಕರ ಗುಂಪಿನ ಲೆಕ್ಕ ಬೇರೆ, ಅಲ್ಲಿ ಕಾರ್ಡುಗಳ ಕ್ರಮವೇ ಯೋಜನೆಯ ಬಹುಪಾಲು ಮಾಡಿಟ್ಟಿರುತ್ತದೆ, ಅವರಿಗೆ ಮೂವತ್ತು ನಿಮಿಷ ಸಾಕು.

ಡಯಟ್‌ನ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಉಪನ್ಯಾಸಕರನ್ನು, ಕೊಪ್ಪಳದವರಿಗೆ ಮುನಿರಾಬಾದ್, ರಾಯಚೂರಿನವರಿಗೆ ಯರಮರಸ್, ವರ್ಷಕ್ಕೆ ಒಂದೆರಡು ಸಲ ಗುಂಪಿನ ನಡುವೆ ಕೂಡಿಸಿಕೊಳ್ಳುವುದು ಒಳ್ಳೆಯದು. ವೇದಿಕೆಯ ಮೇಲಲ್ಲ, ಚಾಪೆಯ ಮೇಲೆ.

ಖರ್ಚು ಹೆಚ್ಚಿಲ್ಲ. ಎರಡು ಚಾರ್ಟ್ ಶೀಟು, ಎರಡು ಬಣ್ಣದ ಸ್ಕೆಚ್ ಪೆನ್, ಹಳೆಯ ಪ್ರಶ್ನೆಪತ್ರಿಕೆಗಳ ಖಾಲಿ ಹಿಂಬದಿ, ಒಂದು ಬಾಟಲಿ, ಒಂದು ಪರಾತ. ಪಟ್ಟಿಯ ಫೋಟೋ ತೆಗೆದು ಗ್ರೂಪಿಗೆ ಹಾಕುವಾಗ ತರಗತಿ, ಪಾಠ, ತಿಂಗಳು ಬರೆದು ಹಾಕಿ. ಇಲ್ಲದಿದ್ದರೆ ಮುಂದಿನ ವರ್ಷ ಇದೇ ಪಾಠ ಬಂದಾಗ ಗುಡ್ ಮಾರ್ನಿಂಗ್‌ಗಳ ಮಧ್ಯೆ ಹುಡುಕಬೇಕಾಗುತ್ತದೆ. ಹಾಗೆಯೇ ಸಭೆಗೆ ಬರುವಾಗ ಮಕ್ಕಳ ಉತ್ತರ ಪತ್ರಿಕೆಯ ಮೇಲಿನ ಹೆಸರನ್ನು ಮಡಚಿ ಪಿನ್ ಹಾಕಿಕೊಂಡು ಬನ್ನಿ. ಯಾವ ಊರಿನ ಯಾರ ಮಗ ಎಂದು ಶುರುವಾದರೆ ಆ ತೊಂಬತ್ತರಲ್ಲಿ ಇಪ್ಪತ್ತು ನಿಮಿಷ ಅಲ್ಲೇ ಹೋಗುತ್ತದೆ.